ಹತ್ತೊಂಬತ್ತು ಸಾವು, ಒಂದೇ ಬಾಗಿಲು

ಡಿಸ್ಕ್ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಹೇಮಾ ಬಳ್ಳಾರಿಯ ಬ್ರೂಸ್‌ಪೇಟೆಯ ಆ ಮಹಡಿ ಕೋಣೆಯ ಬೀಗ ತೆಗೆದಾಗ ಮೊದಲು ಕಂಡದ್ದು ಮೇಜಿನ ಮೇಲಿನ ಖಾಲಿ ಜಾಗ. ಕೆಳಗೆ ದೊಡ್ಡಬಸವರಾಜನ ಜೀನ್ಸ್ ಹೊಲಿಯುವ ಕಾರ್ಖಾನೆ. ಅಲ್ಲಿಂದ ಏಳುವ ನೀಲಿ ಧೂಳು ಹಲಗೆಯ ಸಂದಿನಿಂದ ಮೇಲೆ ಬಂದು ಎಲ್ಲದರ ಮೇಲೂ ಕೂರುತ್ತಿತ್ತು. ಪರದೆಯ ಮೇಲೆ, ಕಿಟಕಿಯ ಮೇಲೆ, ಹೇಮಾಳ ರೆಪ್ಪೆಯ ಮೇಲೆ ಕೂಡ. ಆ ನೀಲಿಯ ನಡುವೆ ಅಂಗೈಯಗಲದ ಒಂದು ಚೌಕ ಮಾತ್ರ ತೊಳೆದಿಟ್ಟಂತೆ ಕಪ್ಪಗಿತ್ತು. ಡಿಸ್ಕ್ ಕೂತಿದ್ದ ಜಾಗ ಅದು.

ಕಳೆದುಕೊಂಡವರು ಗಡಿಗೆಯೊಳಗೂ ಕೈಯಾಡಿಸುತ್ತಾರಂತೆ. ಹೇಮಾ ನೀರಿನ ಗಡಿಗೆಯನ್ನೂ ಬಿಡಲಿಲ್ಲ. ಸಿಗಲಿಲ್ಲ. ಬೀಗ ಒಡೆದಿರಲಿಲ್ಲ, ಕಿಟಕಿ ಮುರಿದಿರಲಿಲ್ಲ, ಪಕ್ಕದಲ್ಲೇ ಇದ್ದ ದುಬಾರಿ ಸ್ಪೀಕರನ್ನು ಯಾರೂ ಮುಟ್ಟಿರಲಿಲ್ಲ. ಅವಳು ನೆಲದ ಮೇಲೆ ಕುಕ್ಕರಿಸಿದಳು. ಇದು ಕನಸಾಗಿದ್ದರೆ ಈಗ ಎಚ್ಚರವಾಗಬೇಕಿತ್ತು.

ಆಟದ ಹೆಸರು ‘ಮೂರನೇ ಕೂಗು’. ನಾಲ್ಕು ವರ್ಷದಿಂದ ಮೂವರು ಸೇರಿ ಕಟ್ಟಿದ ಭಯದ ಆಟ. ಮನೆಯನ್ನು ಹೇಮಾ ಕಟ್ಟಿದಳು. ತನ್ನೂರು ಕುರುಗೋಡಿನ ಗುಡ್ಡದ ಬುಡದಲ್ಲಿ ಹಾಳುಬಿದ್ದಿದ್ದ ಒಂದು ಕಲ್ಲುಚಪ್ಪಡಿಯ ಮನೆಯನ್ನು ಅಳೆದು, ಫೋಟೊ ತೆಗೆದು, ಕಲ್ಲಿಗೆ ಕಲ್ಲು ಕೂಡಿಸಿ ಕಂಪ್ಯೂಟರಿನೊಳಗೆ ನಿಲ್ಲಿಸಿದಳು. ಗವಿಸಿದ್ದೇಶ್ ಅದಕ್ಕೆ ನಡೆ ಕಲಿಸಿದ. ಭೀಮರಾಜ ಅದಕ್ಕೆ ದನಿ ಕೊಟ್ಟ.

ಆಟ ಇಷ್ಟೇ. ದೀಪ ಹಚ್ಚುವ ಹೊತ್ತು. ಆ ಮನೆಯೊಳಗೆ ನೀವು ಒಬ್ಬರೇ. ಹಿತ್ತಿಲ ಬಾಗಿಲ ಆಚೆಯಿಂದ ಒಂದು ದನಿ ಕರೆಯುತ್ತದೆ: ‘ಅವ್ವಾ, ಬಾಗ್ಲು ತೆಗಿ.’ ಈ ಸೀಮೆಯ ಮಕ್ಕಳಿಗೆಲ್ಲ ಹಿರಿಯರು ಹೇಳಿಕೊಟ್ಟ ಮಾತೊಂದಿದೆ—ಹೊತ್ತು ಮುಳುಗಿದ ಮೇಲೆ ಮೊದಲ ಕೂಗಿಗೆ ಓಗೊಡಬಾರದು. ದೆವ್ವ ಒಂದೇ ಸಲ ಕರೆಯುತ್ತದೆ, ಮನುಷ್ಯ ಮೂರು ಸಲ ಕರೆಯುತ್ತಾನೆ. ಆಟದ ಕಟ್ಟಳೆಯೂ ಅದೇ. ಮೊದಲ ಕೂಗಿಗೆ ತೆರೆದರೆ ಸಾವು. ಎರಡನೆಯದಕ್ಕೆ ತೆರೆದರೆ ಹುಚ್ಚು. ಮೂರರವರೆಗೆ ಕಾದರೆ, ಅಷ್ಟು ಹೊತ್ತು ಮನೆಯೊಳಗೆ ನೀವು ಏನು ಮಾಡಿದಿರಿ ಎಂಬುದನ್ನು ನೋಡಿಕೊಂಡು ಆಟ ನಿಮ್ಮನ್ನು ಬೇರೆ ಬೇರೆ ಕೊನೆಗೆ ಒಯ್ಯುತ್ತದೆ. ಒಂದು ಕೊನೆಯಲ್ಲಂತೂ ಹೊರಗೆ ನಿಂತವನು ಮನುಷ್ಯ, ಒಳಗಿರುವ ನೀವೇ ದೆವ್ವ ಎಂದು ತಿಳಿಯುತ್ತದೆ. ಹೀಗೆ ಆರು ಕೊನೆಗಳು.

ಏಳನೆಯದೂ ಒಂದಿತ್ತು. ಭೀಮರಾಜ ಒಬ್ಬನೇ ಕೂತು ಮಾಡಿ ಕೀಲಿ ಹಾಕಿಟ್ಟದ್ದು. ಗವಿಸಿದ್ದೇಶ್ ತಿಂಗಳುಗಟ್ಟಲೆ ತಡಕಾಡಿ ಸೋತಿದ್ದ. ಕೇಳಿದರೆ ಭೀಮ ನಗುತ್ತಿದ್ದ: “ಅದು ನಿಮಗಲ್ಲ ಬಿಡ್ರಲೇ.” ಹೋದ ವರ್ಷ ಆಷಾಢದಲ್ಲಿ ಸಿರುಗುಪ್ಪದ ರಸ್ತೆಯಲ್ಲಿ ಅವನ ಬೈಕಿಗೆ ಲಾರಿ ಬಡಿಯಿತು. ಏಳನೆಯ ಕೊನೆ ಅವನ ಜೊತೆಯೇ ಹೋಯಿತು. ಉಳಿದದ್ದು ಅವನ ದನಿ ಒಂದೇ.

ಆ ದನಿಯೇ ಈಗ ಜಗಳದ ಮೂಲ. ಆಟ ಕೊಳ್ಳಲು ಮುಂದೆ ಬಂದ ಹೈದರಾಬಾದಿನ ಕಂಪನಿಯವರು, ಹಳ್ಳಿಯ ದನಿ ಬೇಡ, ಕಸುಬುದಾರರ ದನಿ ಹಾಕಿ ಅಂದಿದ್ದರು. ಗವಿಸಿದ್ದೇಶ್ ಒಪ್ಪಿದ್ದ. ಹೇಮಾ ಕಾಡಿ ಬೇಡಿ ಒಂದು ಅವಕಾಶ ಗಿಟ್ಟಿಸಿದ್ದಳು: ಸೋಮವಾರ ಭೀಮನ ದನಿ ಇರುವ ಆಟವನ್ನು ಒಮ್ಮೆ ಪೂರ್ತಿ ನೋಡಿ, ಆಮೇಲೆ ಹೇಳಿ. ಆ ಸೋಮವಾರ ನಾಳೆಯೇ. ಡಿಸ್ಕ್ ಸಿಗದಿದ್ದರೆ ಭೀಮ ಎರಡನೇ ಸಲ ಸತ್ತಂತೆ ಎಂದು ಹೇಮಾಳಿಗೆ ಅನ್ನಿಸಿತು.

ಸತ್ತ ಗೆಳೆಯನ ದನಿ ಕಳುವಾಗಿದೆ ಎಂದರೆ ಯಾವ ಠಾಣೆಯಲ್ಲಿ ಬರೆದುಕೊಳ್ಳುತ್ತಾರೆ? ಅವಳು ಓಡಿದ್ದು ತಾನು ಬಾಡಿಗೆಗಿದ್ದ ಮನೆಯ ಒಡತಿಯ ಹತ್ತಿರ.

ಕೊಟ್ರಬಸಮ್ಮ ಮೂವತ್ತೆರಡು ವರ್ಷ ಪೊಲೀಸು ಕೆಲಸ ಮಾಡಿ ನಿವೃತ್ತಿಯಾದವರು. ಅದರಲ್ಲಿ ಹದಿನಾಲ್ಕು ವರ್ಷ ಠಾಣೆಯ ರೈಟರ್—ಬಂದವರ ಹೇಳಿಕೆ ಬರೆದುಕೊಳ್ಳುವ ಕೆಲಸ. ‘ಸುಳ್ಳು ಬರಿಯಾಕ ಭಾಳ ಶಾಯಿ ಬೇಕು, ಖರೇಕ ಒಂದ ಸಾಲು ಸಾಕು’ ಎನ್ನುವುದು ಆಕೆಯ ಮಾತು. ಕೈಯಲ್ಲಿದ್ದ ಮಂಡಕ್ಕಿ ಒಗ್ಗರಣಿ ತಟ್ಟೆಯನ್ನು ಮುಗಿಸಿಯೇ ಎದ್ದರು. ಹಸಿದ ಹೊಟ್ಟೆಯಲ್ಲಿ ತನಿಖೆ ಮಾಡಬಾರದಂತೆ.

ಕೋಣೆಯ ನಡುವೆ ನಿಂತು ಸುತ್ತ ನೋಡಿದರು.

“ನೀ ಶುಕ್ರವಾರ ಹೋಗುವಾಗ ಇಲ್ಲದ್ದು ಈಗ ಏನೇನೈತಿ, ಹೇಳು.”

“ಆ ಅಕ್ಕಿ ಚೀಲ ಅತ್ತಿ. ಹಂಪಕ್ಕ ತಂದಿಟ್ಟಿರಬೇಕು. ಭೀಮನ ಅವ್ವ. ಮೊದಲು ಕೆಳಗ ಇದ ಕಾರ್ಖಾನಿಯಾಗ ಗುಂಡಿ ಹಚ್ತಿದ್ಲು. ಅವ ಹೋದ ಮ್ಯಾಲೆ ಸಿರುಗುಪ್ಪಕ್ಕ ಹೋಗಿ ಅಕ್ಕಿ ಗಿರಣಿ ಸೇರ್ಯಾಳ. ತಿಂಗಳಿಗೊಮ್ಮಿ ಬಂದು ನಮಗ ಅಕ್ಕಿ ಇಟ್ಟು ಹೋಗ್ತಾಳ.” ಹೇಮಾಳ ದನಿ ಮೆತ್ತಗಾಯಿತು. “ಪಾಪ, ವರ್ಷಾತು, ಮನಿ ಬಾಗ್ಲಿಗೆ ಅಗುಳಿ ಹಾಕಿಲ್ಲ ಆಕಿ. ಹೊತ್ತಲ್ಲದ ಹೊತ್ತಿಗೆ ಬರಾವ ಅವ, ಹೊರಗ ನಿಂದ್ರಬಾರದು ಅಂತಾಳ.”

“ಮತ್ತೇನೈತಿ?”

“ಈ ಹಳೇ ಕೀಬೋರ್ಡ್. ಇದು ಮೇಜಿನ ಕೆಳಗ ಬಿದ್ದಿತ್ತು. ಮ್ಯಾಲೆ ಯಾರು ಇಟ್ರೋ.”

ಕೊಟ್ರಬಸಮ್ಮ ಬಗ್ಗಿ ನೋಡಿದರು. ನಾಲ್ಕು ಗುಂಡಿಗಳ ಮೇಲೆ ಕೆಂಪು, ಒಂದರ ಮೇಲೆ ಹಸಿರು—ಹೆಂಗಸರು ಹಣೆಗೆ ಅಂಟಿಸಿಕೊಳ್ಳುವ ಸ್ಟಿಕ್ಕರ್ ಬೊಟ್ಟುಗಳು.

“ಭೀಮ ಹಚ್ಚಿದ್ದು. ಕೆಂಪು ನಡಿಯಾಕ, ಹಸರು ಬಾಗ್ಲು ತೆಗಿಯಾಕ. ಕತ್ತಲಾಗ ಆಡಾಕ ಅನುಕೂಲ ಆಗ್ಲಿ ಅಂತ ಇರಬೇಕು.”

ಕೊಟ್ರಬಸಮ್ಮ ಹಸಿರು ಬೊಟ್ಟನ್ನು ಬೆರಳಿಂದ ಒರೆಸಿ ನೋಡಿದರು. ಕೋಣೆಯ ಎಲ್ಲದರ ಮೇಲೆ ಇದ್ದ ನೀಲಿ ಧೂಳು ಅಲ್ಲಿ ಇರಲಿಲ್ಲ.

“ಕಳ್ಳ ಆಟ ಆಡ್ಯಾನ?”

ಹೇಮಾ ಕಂಪ್ಯೂಟರ್ ಹಚ್ಚಿದಳು. ಆಟ ಡಿಸ್ಕಿನಲ್ಲಿದ್ದರೂ, ಆಡಿದವರು ಏನೇನು ಮಾಡಿದರು ಎಂಬ ಪಟ್ಟಿಯನ್ನು ಅದು ಕಂಪ್ಯೂಟರಿನಲ್ಲೇ ಬರೆದಿಡುತ್ತಿತ್ತು. ಪಟ್ಟಿ ತೆರೆದುಕೊಂಡಿತು. ಶನಿವಾರ ಮಧ್ಯಾಹ್ನ ಎರಡೂವರೆಯಿಂದ ಐದರವರೆಗೆ. ಇಪ್ಪತ್ತು ಸಲ.

“ಓದು.”

“ಅಂಗಳದಾಗ ಒಂದು ಕೊಡ ನೀರೈತಿ. ಸುಮ್ನ ಇಟ್ಟಿದ್ದು, ಆಟಕ್ಕ ಏನೂ ಉಪಯೋಗಿಲ್ಲ. ಇವ ಪ್ರತಿ ಸಲ ಅದರಾಗ ಕಾಲು ತೊಳಕೊಂಡಾನ. ನೆರಳು ಹತ್ತಿರ ಬಂದಾಗ ದೀಪ ಊದಿದ್ರ ಬಚಾವ್. ಇವ ಒಂದು ಸಲಾನೂ ಊದಿಲ್ಲ. ಕೈ ಅಡ್ಡ ಹಿಡದಾನ. ಆಮ್ಯಾಲೆ ಬಾಗ್ಲು… ಮೊದಲನೇ ಕೂಗಿಗೇ ತೆಗದಾನ. ಸತ್ತಾನ. ಮತ್ತ ಶುರು ಮಾಡ್ಯಾನ. ಮತ್ತ ಮೊದಲನೇ ಕೂಗಿಗೆ ತೆಗದಾನ. ಸತ್ತಾನ.”

“ಎಷ್ಟು ಸಲ?”

“ಹತ್ತೊಂಬತ್ತು.”

“ಇಪ್ಪತ್ತನೇದು?”

“ಬಾಗ್ಲು ತೆಗದಾನ ಅಂತ ಐತಿ. ಆಮ್ಯಾಲೆ ಹನ್ನೊಂದು ನಿಮಿಷ ಖಾಲಿ. ಡಿಸ್ಕ್ ಕಿತ್ತುಕೊಂಡಿರಬೇಕು.”

“ಒಂದು ವೈರು ಕೀಳಾಕ ಹನ್ನೊಂದು ನಿಮಿಷ ಬೇಕೇನು?”

ಹೇಮಾಳ ಮನಸ್ಸು ಆಗಲೇ ಮೆಟ್ಟಿಲಿಳಿದು ಹೋಗಿತ್ತು. ಆಟ ಬಾರದ ದಡ್ಡ, ಬೀಗದ ಇನ್ನೊಂದು ಕೀಲಿ ಇಟ್ಟುಕೊಂಡವನು, ಈ ಕೋಣೆ ಖಾಲಿಯಾದರೆ ಸಾಕೆಂದು ಕಾಯುತ್ತಿದ್ದವನು—ಒಬ್ಬನೇ.

ದೊಡ್ಡಬಸವರಾಜ ಕೆಳಗೆ ಪ್ಯಾಂಟಿನ ಕಟ್ಟುಗಳನ್ನು ಎಣಿಸುತ್ತಿದ್ದ. ಭಾನುವಾರವಾದ್ದರಿಂದ ಹೊಲಿಗೆ ಯಂತ್ರಗಳು ಸುಮ್ಮನಿದ್ದವು. ಹಣೆಯ ತುಂಬ ವಿಭೂತಿ.

“ನಾನ್ಯಾಕ ಮುಟ್ಲಿ ಅಮ್ಮಾರ ಆ ದೆವ್ವದ ಆಟಾನ? ಮ್ಯಾಲಿಂದ ‘ಅವ್ವಾ’ ಅಂತ ಕೂಗಿದ್ರ ನನ್ನ ಹೊಲಿಯೋ ಹೆಣ್ಣಮಕ್ಕಳು ಸೂಜಿ ಚುಚ್ಚಿಕೊಂತಾರ. ಖಾಲಿ ಮಾಡ್ರಿ ಅಂದಿದ್ದು ಖರೆ. ಕದ್ದಿಲ್ಲ.”

“ನಿನ್ನೆ ಕೂಗಿದ್ದು ಕೇಳ್ಸಿತೇನು?”

“ಕೇಳ್ಸದ ಏನ್ರಿ! ಮಧ್ಯಾನದಿಂದ ಐದರ ತನಕ. ಆದ್ರ…” ಅವನು ಎಣಿಕೆ ನಿಲ್ಲಿಸಿದ. “ದಿನಾ ಮೂರು ಮೂರು ಸಲ ಕೂಗತಿತ್ತು. ನಿನ್ನೆ ಒಂದ ಸಲ ಕೂಗೋದು, ಸುಮ್ನಾಗೋದು. ಒಂದ ಸಲ ಕೂಗೋದು, ಸುಮ್ನಾಗೋದು. ಅದು ಇನ್ನಾ ಅಂಜಿಕಿ ಬಂತ್ರಿ.”

“ಯಾರ್ಯಾರು ಬಂದಿದ್ರು?”

“ಕೊರಿಯರ್‌ನಾವ ಬಂದು ಹೋದ. ಹಂಪಕ್ಕ ಎರಡರ ಸುಮಾರಿಗೆ ಬಂದ್ಲು, ಮೆಟ್ಟಲ ಬುಡದಾಗ ಹೆಣ್ಣಮಕ್ಕಳ ಕೂಡ ರೊಟ್ಟಿ ತಿಂದ್ಲು. ಆಕಿ ನಮ್ಮಾಕಿನ, ಕೀಲಿ ತಗೊಂಡು ಅಕ್ಕಿ ಇಡಾಕ ಹೋದ್ಲು, ಯಾವಾಗ ಇಳದ್ಲೋ ಕೆಲಸದಾಗ ನಾ ನೋಡ್ಲಿಲ್ಲ. ಹೊರಗಿನವರು ಯಾರೂ ಬಂದಿಲ್ಲ.”

“ನೀ ಯಾವತ್ತರ ಆ ಆಟ ನೋಡೀಯೇನು, ಬಸಣ್ಣ?”

“ಹೊತ್ತು ಮುಣಗಿದ ಮ್ಯಾಲೆ ಕರದ್ರ ನಾ ನಮ್ಮ ಬೀಗರಿಗೂ ಮೂರನೇ ಸಲಕ್ಕ ಓ ಅನ್ನಾವ. ದೆವ್ವದ ಕೂಡ ನನಗೇನು ಕೆಲಸ?”

ಕೊಟ್ರಬಸಮ್ಮ ನಕ್ಕರು. ಹೇಮಾ ನಗಲಿಲ್ಲ.

ಗವಿಸಿದ್ದೇಶ್ ರೂಪನಗುಡಿಯಿಂದ ಬೈಕಿನಲ್ಲಿ ಬಂದ. ಬಂದವನೇ ಹೆಗಲ ಚೀಲವನ್ನು ಎದೆಗೆ ಅಪ್ಪಿಕೊಂಡು ಕೂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಇವನಿಗೆ ಇನ್ನೂ ಯಾರೂ ಏನೂ ಅಂದಿರಲಿಲ್ಲ.

“ಕಂಪ್ಯೂಟರಿನಾಗ ಇನ್ನೊಂದು ಪ್ರತಿ ಇರ್ಲಿಲ್ಲೇನಪ್ಪ?” ಕೊಟ್ರಬಸಮ್ಮ ಕೇಳಿದರು.

ಅವನು ಹೇಮಾಳ ಮುಖ ನೋಡಲಿಲ್ಲ. “ಇತ್ತು. ಶುಕ್ರವಾರ ಅಳಸಿದೆ.”

“ಅಳಸಿದ್ಯಾ?” ಹೇಮಾ ಎದ್ದು ನಿಂತಳು. “ಲೇ ಗವಿ, ಅಳಸಿದ್ಯಾ?”

“ಹೊಸ ದನಿದು ಹಾಕಾಕ ಜಾಗ ಬೇಕಿತ್ತು. ಡಿಸ್ಕಿನಾಗ ಐತಲ್ಲ ಅಂದ್ಕೊಂಡೆ.”

“ಡಿಸ್ಕೂ ನೀನ ಒಯ್ದೀದಿ! ನಾಳೆ ಅವರು ಕೇಳಬಾರದು ಅಂತ.”

“ಎತ್ತು ಈದೈತಿ ಅಂದ್ರ ಕೊಟ್ಟಗ್ಯಾಗ ಕಟ್ಟು ಅಂದಂಗಾತು,” ಎಂದು ಕೊಟ್ರಬಸಮ್ಮ ಅವಳ ಕೈ ಹಿಡಿದು ಕೂರಿಸಿದರು. “ನಿನ್ನೆ ಎಷ್ಟೊತ್ತಿಗೆ ಹೊಂಟ್ಯಪ್ಪ ನೀ?”

“ಎರಡೂಕಾಲಿಗೆ. ಆಟ ಹಂಗ ತೆರದಿತ್ತು. ಮೆಟ್ಟಲ ಮ್ಯಾಲೆ ನಿಂತು ಕಂಪನಿಯವರ ಕೂಡ ಫೋನಿನಾಗ ಮಾತಾಡಿ, ಕೀಲಿ ಕೆಳಗ ಕೊಟ್ಟು ಹೋದೆ.”

“ಏನಂದಿ ಫೋನಿನಾಗ?”

ಅವನು ಚೀಲದ ಪಟ್ಟಿ ತಿರುಚುತ್ತ ಹೇಳಿದ. “ಸೋಮವಾರ ಆಕಿ ಸಮಾಧಾನಕ್ಕ ಒಂದ್ಸಲ ಕೇಳ್ರಿ, ಆಮ್ಯಾಲೆ ಭೀಮನ ದನಿ ಪೂರ್ತಿ ತೆಗೆದುಬಿಡ್ತೀವಿ ಅಂದೆ. ತೆಲುಗಿನಾಗ.”

“ತೆಲುಗಿನಾಗ ಅಂದ್ರ ಬಳ್ಳಾರಿಯಾಗ ಯಾರಿಗೂ ತಿಳಿಯಂಗಿಲ್ಲ ಅಂದ್ಕೊಂಡ್ಯಾ? ಗಟ್ಟಿಯಾಗಿ ಅಂದ್ಯಾ, ಮೆಲ್ಲಕ?”

“ಕೆಳಗ ಮಿಶನ್ ಸದ್ದು. ಗಟ್ಟಿಯಾಗೇ ಅಂದೆ.” ಅವನ ಕಣ್ಣುಗಳು ತುಂಬಿದ್ದವು. “ಹೇಮಾ, ನೀನು ಆ ದನಿ ಉಳಿಬೇಕು ಅಂತಿ. ನನಗ ಅದನ್ನ ದಿನಾ ಕೇಳಾಕ ಆಗಂಗಿಲ್ಲ. ಅವ ಹೊರಗ ನಿಂತು ಕೂಗತಾನ, ನಾ ಒಳಗ ಕುಂತು ಕೋಡ್ ಬರೀತೀನಿ. ನನ್ನ ಕೈಲೆ ಆಗಂಗಿಲ್ಲ.”

ಹೇಮಾಳ ಸಿಟ್ಟು ಅರ್ಧಕ್ಕೇ ನಿಂತಿತು. ಅದೇ ದನಿ ಅವಳ ಕನಸಿಗೂ ಬರುತ್ತಿತ್ತು. ಕುರುಗೋಡಿನ ಕಲ್ಲುಮನೆ, ಮಬ್ಬು ದೀಪ, ಆಚೆಯಿಂದ ಒಂದು ಕೂಗು. ಪ್ರತಿ ಸಲವೂ ಅವಳು ಎರಡನೆಯದಕ್ಕೆ ಕಾಯುತ್ತಿದ್ದಳು, ಅಷ್ಟರಲ್ಲಿ ಎಚ್ಚರವಾಗುತ್ತಿತ್ತು.

“ಆ ಆಟ ನನಗ ಆಡಾಕ ಹಚ್ಚು,” ಎಂದರು ಕೊಟ್ರಬಸಮ್ಮ.

ಹೇಮಾಳ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಕಂಪನಿಗೆಂದು ಗವಿಸಿದ್ದೇಶ್ ಮಾಡಿದ ಪ್ರತಿ, ಹೊಸ ದನಿಯದು. ಕಿಟಕಿಗೆ ಪರದೆ ಎಳೆದರು. ಹೊರಗೆ ಬ್ರೂಸ್‌ಪೇಟೆಯ ಹನ್ನೊಂದರ ಬಿಸಿಲು, ಕೈಗಾಡಿಗಳ ಸದ್ದು. ಒಳಗೆ ಸಂಜೆಯಾಯಿತು. ಕಲ್ಲಿನ ಅಂಗಳ, ಗುಡ್ಡದ ನೆರಳು, ಬೀಸದ ಗಾಳಿಗೆ ಅಲುಗುವ ಬಾಗಿಲು. ಅರವತ್ತಮೂರರ ಕೊಟ್ರಬಸಮ್ಮ ಕನ್ನಡಕ ಏರಿಸಿ, ಒಂದೇ ಬೆರಳಲ್ಲಿ ಗುಂಡಿ ಒತ್ತುತ್ತ ಆ ಮನೆಯೊಳಗೆ ಹೆಜ್ಜೆ ಹೆಜ್ಜೆಯಾಗಿ ಇಳಿದುಹೋದರು. ಹೇಮಾಳಿಗೆ ಆಕೆ ಪಕ್ಕದಲ್ಲಿ ಕೂತಿದ್ದಾರೋ, ಪರದೆಯ ಆಚೆ ನಡೆಯುತ್ತಿದ್ದಾರೋ ಎಂಬುದೇ ತಿಳಿಯದಾಯಿತು.

ಕೊಡದ ಹತ್ತಿರ ಆಕೆ ನಿಂತರು. ಕಾಲು ತೊಳೆದರು.

“ಅದು ಬ್ಯಾಡತ್ತಿ, ಅದಕ್ಕೇನೂ ಆಗಂಗಿಲ್ಲ.”

“ಹೊರಗಿಂದ ಬಂದೀನಿ, ನೀರೈತಿ. ತೊಳಿಬ್ಯಾಡೇನು?”

ನೆರಳು ಬಂತು. ಗವಿಸಿದ್ದೇಶ್ ಹೇಳಿಕೊಟ್ಟ: “ದೀಪ ಊದ್ರಿ, ದೀಪ ಊದ್ರಿ!”

“ಸಂಜಿ ದೀಪ ಬಾಯಿಲೆ ಊದ್ತಾರೇನೊ ಯಾರಾರ?” ಆಕೆ ಕೈ ಅಡ್ಡ ಹಿಡಿದರು.

ಆಮೇಲೆ ಬಾಗಿಲು. ‘ಅವ್ವಾ, ಬಾಗಿಲು ತೆಗಿ.’ ತಿದ್ದಿ ತೀಡಿದ ಹೊಸ ದನಿ.

ಕೊಟ್ರಬಸಮ್ಮನ ಬೆರಳು ತಟ್ಟನೆ ಗುಂಡಿಯಿಂದ ಹಿಂದೆ ಸರಿಯಿತು. ಎರಡೂ ಕೈ ಮಡಿಲಿಗೆ ಬಂದವು. ಯಾರೂ ಹೇಳಿಕೊಟ್ಟಿರಲಿಲ್ಲ. ಎರಡನೆಯ ಕೂಗು. ಆಕೆ ಅಲುಗಲಿಲ್ಲ. ಮೂರನೆಯದು ಬಂದ ಮೇಲೂ ತನ್ನ ಕೈಗಳನ್ನೇ ನೋಡುತ್ತ ಕೂತರು.

“ಹೇಮಿ, ಸಿರುಗುಪ್ಪಕ್ಕ ಬಸ್ಸು ಎಷ್ಟೊತ್ತಿಗೈತಿ?” ಎಂದು ಕೊನೆಗೆ ಕೇಳಿದರು. “ಈ ಮಡಚೋ ಕಂಪ್ಯೂಟರ್ ತಗೊ. ಆ ಬೊಟ್ಟಿನ ಕೀಬೋರ್ಡೂ ತಗೊ.”

ಮೂರೂವರೆಯ ಬಸ್ಸು. ತೆಕ್ಕಲಕೋಟೆ ದಾಟಿದ ಮೇಲೆ ಎರಡೂ ಕಡೆ ಕಾಲುವೆಯ ಭತ್ತ. ಹಸಿರು ಎಷ್ಟು ದಟ್ಟವಾಗಿತ್ತೆಂದರೆ ಬಸ್ಸು ನೀರಿನ ಮೇಲೆ ಹೋಗುತ್ತಿದೆ ಅನ್ನಿಸುತ್ತಿತ್ತು. ಭೀಮ ಬಿದ್ದ ತಿರುವು ಬಂತು, ಹೋಯಿತು. ಹೇಮಾ ಕಣ್ಣು ಮುಚ್ಚಿಕೊಂಡಳು.

“ಅತ್ತಿ, ಸಿರುಗುಪ್ಪಕ್ಕ ಅಂದ್ರ… ನಿಮ್ಮ ಮನಸಿನಾಗ ಇರೋದು ನನಗ ಬ್ಯಾಡ.”

“ಬ್ಯಾಡಂದ್ರ ಬಿಡ್ತೈತೇನು? ಕಂಕುಳಾಗ ಕೂಸು ಇಟ್ಕೊಂಡು ಊರೆಲ್ಲ ಹುಡುಕೀವಿ. ಅಕ್ಕಿ ಚೀಲ ಮೂಲ್ಯಾಗ ಕುಂತು ನಮ್ಮನ್ನ ನೋಡಾಕ ಹತ್ತಿತ್ತು. ನಾ ಕೇಳಿದ್ದಕ್ಕ ಉತ್ತರ ಕೊಡು. ಗವಿಸಿದ್ದೇಶ್ ಕದಿಯಾಕ ಬಂದಿದ್ರ ಹತ್ತೊಂಬತ್ತು ಸಲ ಆಡಿ ಸಾಯ್ತಿದ್ನೇನು?”

“ಇಲ್ಲ. ಅವಗ ಆಟ ಬಾಯಿಪಾಠ.”

“ಆಡಿದವರು ಪ್ರತಿ ಸಲ ಕಾಲು ತೊಳದಾರ. ದೀಪ ಊದಿಲ್ಲ. ಅಂದ್ರ?”

“ನಿಮ್ಮಂಗ ಹಳೇ ಪದ್ಧತಿಯವರು.”

“ನಾನೂ ಹೌದು, ಬಸಣ್ಣನೂ ಹೌದು. ಆದ್ರ ಹಳೇ ಪದ್ಧತಿ ಬಲ್ಲವರು ಮೊದಲನೇ ಕೂಗಿಗೆ ಬಾಗ್ಲು ತೆಗಿತಾರೇನು? ನನ್ನ ಕೈ ನೋಡಿದಿಲ್ಲ? ಬುದ್ಧಿ ಹೇಳೂಕ್ಕಿಂತ ಮೊದಲ ಹಿಂದ ಬಂತು. ನೀ ಈ ಪಟ್ಟಿ ಓದಿದಾಗ, ಆಟ ಬರದ ದಡ್ಡ ಅಂದ್ಕೊಂಡಿ. ದಡ್ಡ ಒಂದು ಸಲ ಸಾಯ್ತಾನ, ಎರಡು ಸಲ ಸಾಯ್ತಾನ. ಮೂರನೇ ಸಲ ಬ್ಯಾರೆ ಏನಾರ ಮಾಡಿ ನೋಡ್ತಾನ. ಇವರು ಹತ್ತೊಂಬತ್ತು ಸಲಾನೂ ಅದನ್ನ ಮಾಡ್ಯಾರ. ಕಟ್ಟಳಿ ಗೊತ್ತೈತಿ, ಸಾವು ಗೊತ್ತೈತಿ, ಆದ್ರೂ ಎರಡನೇ ಕೂಗು ಬರೋ ತನಕ ತಡಿಯಾಕ ಆಗಿಲ್ಲ. ಎಲ್ಲಾ ಪದ್ಧತಿ ಹಿಡದಾರ, ಅದೊಂದನ್ನ ಬಿಟ್ಟಾರ. ಹೊರಗ ನಿಂತು ‘ಅವ್ವಾ’ ಅಂದ್ರ ಮೂರು ಎಣಿಸಾಕ ಆಗದವರು ಯಾರವ್ವ?”

ಬಸ್ಸು ಒಂದು ಸೇತುವೆ ದಾಟಿತು.

“ಹಂಪಕ್ಕ,” ಎಂದಳು ಹೇಮಾ. ದನಿ ತನ್ನದಲ್ಲವೆನ್ನುವಂತೆ ಕೇಳಿಸಿತು. “ಆ ಬೊಟ್ಟು… ಓದಾಕ ಬರದ ಅವ್ವಗ ಅಂತ ಹಚ್ಚಿದ್ದ.”

“ಹೌದು. ಮೆಟ್ಟಲ ಬುಡದಾಗ ರೊಟ್ಟಿ ತಿನ್ನುವಾಗ, ಮಗನ ದನಿ ಪೂರ್ತಿ ತೆಗೆದುಬಿಡ್ತೀವಿ ಅನ್ನೋ ಮಾತು ಕಿವಿಗೆ ಬಿತ್ತು. ಕದಿಯಾಕ ಬಂದಾಕಿ ಅಲ್ಲ. ಅಕ್ಕಿ ಕೊಡಾಕ ಬಂದಾಕಿ, ಕೊಟ್ಟು, ತನ್ನದು ತಗೊಂಡು ಹೋದ್ಲು. ಹನ್ನೊಂದು ನಿಮಿಷ ಒಂದ ನನಗ ತಿಳಿದಿಲ್ಲ.”

ಸಿರುಗುಪ್ಪದಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಗಿರಣಿಯ ಹಿಂದಿನ ಓಣಿಯಲ್ಲಿ ಬೇಯಿಸಿದ ಭತ್ತದ ವಾಸನೆ, ಹೊಟ್ಟಿನ ಧೂಳು. ಬಳ್ಳಾರಿಯಲ್ಲಿ ನೀಲಿಯಾಗಿದ್ದ ಗಾಳಿ ಇಲ್ಲಿ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಹಂಪಕ್ಕನ ಮನೆಯೆದುರು ಹೇಮಾ ಥಟ್ಟನೆ ನಿಂತುಬಿಟ್ಟಳು.

ಬಾಗಿಲು ಮುಚ್ಚಿತ್ತು. ಒಂದು ವರ್ಷದಲ್ಲಿ ಆ ಬಾಗಿಲು ಮುಚ್ಚಿದ್ದನ್ನು ಅವಳು ನೋಡಿರಲೇ ಇಲ್ಲ.

“ಹಂಪಕ್ಕಾ.”

ಒಳಗೆ ಸದ್ದಿಲ್ಲ.

“ಹಂಪಕ್ಕಾ!”

ಬಾಗಿಲ ಸಂದಿನಲ್ಲಿ ಬೆಳಕಿತ್ತು. ಒಳಗೆ ಜನವಿತ್ತು. ಆದರೂ ಸದ್ದಿಲ್ಲ. ಆಟದಲ್ಲಿ ಅವಳು ಯಾವಾಗಲೂ ಒಳಗಿದ್ದವಳು. ಹೊರಗೆ ನಿಂತು ಕರೆಯುವುದು ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

“ಹಂಪಕ್ಕಾ, ನಾನು ಹೇಮಾ!”

ಅಗುಳಿ ಸರಿದ ಸದ್ದು. ಹಂಪಕ್ಕ ಬಾಗಿಲಲ್ಲಿ ನಿಂತಿದ್ದಳು. ತಲೆಗೂದಲ ಮೇಲೆ ಹೊಟ್ಟು, ಮುಖದ ಮೇಲೆ ನಿದ್ದೆ ಮಾಡಿ ಎದ್ದವರ ಕಳೆ. “ಮೂರು ಸಲ ಕರದ್ರಿ. ಹಂಗಾರ ಮನಷ್ಯಾರ ಬಿಡ್ರಿ,” ಎಂದು ನಕ್ಕಳು. ಜೊತೆಯಲ್ಲಿದ್ದ ಕೊಟ್ರಬಸಮ್ಮನನ್ನು ಕಂಡು, ಯಾರೂ ಏನೂ ಕೇಳುವ ಮೊದಲೇ ಒಳಗೆ ಹೋದಳು. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಭೀಮನ ಫೋಟೊ. ಕೆಳಗಿನ ಅಕ್ಕಿ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿ ಒಂದು ಗಂಟು ತೆಗೆದಳು. ಹಳೆಯ ಜೀನ್ಸಿನ ತುಂಡಿನಲ್ಲಿ ಸುತ್ತಿದ ಡಿಸ್ಕ್.

“ಕಳವು ಅಂದ್ರ ಕಳವ. ಬರಕೊಳ್ರಿ ಅಮ್ಮಾ.”

“ನನ್ನ ಪೆನ್ನಿನಾಗ ಶಾಯಿ ತೀರೈತವ್ವ,” ಎಂದರು ಕೊಟ್ರಬಸಮ್ಮ. “ಇಪ್ಪತ್ತನೇ ಸಲ ಏನಾತು, ಅದೊಂದು ಹೇಳು.”

ಹಂಪಕ್ಕ ಗೋಡೆಗೊರಗಿ ಕೂತಳು. “ಇದು ಮಾಡುವಾಗ ಅವ ನನ್ನನ್ನ ಕುಂದರಿಸಿ ಆಡಸ್ತಿದ್ದ. ನಾ ಕರದ ಕೂಡ್ಲೆ ತೆಗಿಯಾಕಿ, ಸಾಯಾಕಿ. ಅವ ಬಿದ್ದು ಬಿದ್ದು ನಗಾವ. ನಿನ್ನಂಥಾಕಿಗೆ ಬ್ಯಾರೆ ಒಂದು ಇಡ್ತೀನವ್ವ, ಇಪ್ಪತ್ತು ಸಲ ಬೇಸರಿಲ್ಲದ ಮೊದಲನೇ ಕೂಗಿಗೇ ತೆಗೀಬೇಕು ನೋಡು, ಅಲ್ಲಿಂದ ಮುಂದ ಪ್ರತಿ ಸಲ ಅದ ಬರ್ತೈತಿ ಅಂದಿದ್ದ. ನಾ ಹತ್ತಕ್ಕ ಸಾಕು ಬಿಡೊ ಅಂತ ಎದ್ದೆ. ಒಲಿ ಮ್ಯಾಲೆ ಸಾರಿತ್ತು.” ಅವಳು ತಲೆಗೂದಲಿನ ಹೊಟ್ಟು ಕೊಡವಿಕೊಂಡಳು. “ಎಂಥಾ ಸಾರವ್ವ ಅದು! ಹತ್ತು ಸಲ ಇನ್ನಾ ಕುಂದ್ರಾಕ ಏನಾಗಿತ್ತು ನನಗ? ನಿನ್ನೆ ಗವಿ ಆ ಮಾತು ಅಂದಾಗ, ಅವನ ದನಿ ತೆಗಿಯೂಕ್ಕಿಂತ ಮೊದಲು ಅದೊಂದು ಮುಗಿಸಿಬಿಡಾಣ ಅಂತ ಕುಂತೆ.”

ಹೇಮಾ ಡಿಸ್ಕನ್ನು ಲ್ಯಾಪ್‌ಟಾಪಿಗೆ ಸೇರಿಸಿದಳು. ಒಮ್ಮೆ ತೆರೆದ ಕೊನೆಯನ್ನು ಆಟ ಡಿಸ್ಕಿನಲ್ಲೇ ನೆನಪಿಡುತ್ತಿತ್ತು. ಕೀಬೋರ್ಡನ್ನು ಹಂಪಕ್ಕನ ಮುಂದಿಟ್ಟಳು. ಗುಂಡಿ ಹಚ್ಚಿ, ಭತ್ತ ಹೊತ್ತು ಒರಟಾದ ಬೆರಳುಗಳು ಕೆಂಪು ಬೊಟ್ಟುಗಳನ್ನು ನೋಡದೆಯೇ ಹುಡುಕಿಕೊಂಡವು. ಕಲ್ಲಿನ ಅಂಗಳ. ಕೊಡದ ನೀರು. ದೀಪಕ್ಕೆ ಅಡ್ಡ ಹಿಡಿದ ಕೈ. ಹಿತ್ತಿಲ ಬಾಗಿಲು.

‘ಅವ್ವಾ, ಬಾಗ್ಲು ತೆಗಿ.’

ಭೀಮನೇ. ಉಸಿರು ಸಮೇತ ಭೀಮ. ಹೇಮಾಳ ಒಳಗೆ ಎಲ್ಲವೂ ತಡೆ, ತಡೆ ಎಂದಿತು. ಹಂಪಕ್ಕ ಹಸಿರು ಬೊಟ್ಟು ಒತ್ತಿದಳು.

ಬಾಗಿಲು ತೆರೆಯಿತು. ನೆರಳು ಬರಲಿಲ್ಲ, ಕಿರುಚು ಬರಲಿಲ್ಲ. ಕಲ್ಲುನೆಲದ ಮೇಲೆ ಒದ್ದೆ ಹೆಜ್ಜೆಗಳು ಒಂದೊಂದಾಗಿ ಮೂಡಿ ಒಳಗೆ ಬಂದವು, ಈಗಷ್ಟೇ ಕಾಲು ತೊಳೆದುಕೊಂಡವನ ಹೆಜ್ಜೆಗಳು. ದೀಪದ ಹತ್ತಿರ ನಿಂತವು.

‘ಎಷ್ಟೊತ್ತು ಎದ್ದಿರ್ತಿಯವ್ವ? ನಾ ಒಳಗ ಬಂದೀನಿ. ಇನ್ನ ಅಗುಳಿ ಹಾಕಿ ಮಲಕ್ಕೊ.’

“ದಿನಾ ಹಿಂಗ ಅಂತಿದ್ದ,” ಹಂಪಕ್ಕ ಪಿಸುಗುಟ್ಟಿದಳು.

ಆಮೇಲೆ ಏನೂ ನಡೆಯಲಿಲ್ಲ. ದೀಪ ಉರಿಯುತ್ತಿತ್ತು. ಮೂಲೆಯ ಕತ್ತಲಲ್ಲಿ ಯಾರೋ ಮಲಗಿ ನಿದ್ದೆ ಹೋದ ಉಸಿರು. ಒಳಗೆ, ಹೊರಗೆ, ಒಳಗೆ, ಹೊರಗೆ. ಮೂವರು ಹೆಂಗಸರು ಹನ್ನೊಂದು ನಿಮಿಷ ಆ ನಿದ್ದೆಗೆ ಕಾವಲು ಕೂತರು. ಹೇಮಾ ಅತ್ತಳು, ಸದ್ದಾಗದಂತೆ.

“ನಿನ್ನೆ ರಾತ್ರಿ ಅಗುಳಿ ಹಾಕಿ ಮಲಗಿದೆ,” ಎಂದಳು ಹಂಪಕ್ಕ. “ಬೆಳಗಾದದ್ದ ಗೊತ್ತಾಗಿಲ್ಲ. ಹತ್ತೊಂಬತ್ತು ಸಲ ನಾ ಸತ್ತೆ, ಒಂದು ಸಲ ಅವ ಬಂದ. ಸಾಲದೇನವ್ವ? ಈಗ ನಿಮ್ಮದು ನೀವು ತಗೊಂಡು ಹೋಗ್ರಿ.”

ಹೇಮಾ ಡಿಸ್ಕಿನಲ್ಲಿದ್ದದ್ದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ಡಿಸ್ಕನ್ನು ಮತ್ತೆ ಜೀನ್ಸಿನ ತುಂಡಿನಲ್ಲಿ ಸುತ್ತಿ ಹಂಪಕ್ಕನ ಕೈಗಿಟ್ಟಳು.

ಹಂಪಕ್ಕನಿಗೆ ದಿಗಿಲಾಯಿತು. “ಆಕಡಿ ಒಂದು, ಈಕಡಿ ಒಂದು ಮಾಡಿದ್ರ ದನಿ ಕಡಿಮಿ ಆಗಂಗಿಲ್ಲೇನು?”

“ದೀಪದಿಂದ ದೀಪ ಹಚ್ಚಿದ್ರ ಮೊದಲನೇದು ಕಡಿಮಿ ಆಕ್ಕೈತೇನವ್ವ?” ಎಂದರು ಕೊಟ್ರಬಸಮ್ಮ.

ಹೊಸಿಲ ಹೊರಗೆ ನಿಂತು ಹೇಮಾ ಗವಿಸಿದ್ದೇಶನಿಗೆ ಫೋನ್ ಮಾಡಿದಳು. “ಸಿಕ್ತು. ನಾಳೆ ಅವರಿಗೆ ಭೀಮನ ದನೀನ ಕೇಳಸ್ತೀವಿ. ಬ್ಯಾಡಂದ್ರ ಆಟ ಕೊಡಾದಿಲ್ಲ.”

“ಆತು,” ಎಂದ ಅವನು. “ಕೊಡಾದು ಬ್ಯಾಡ. ಹೇಮಾ… ಏಳನೇದು ಸಿಕ್ತೇನು? ಏನೈತಿ ಅದರಾಗ?”

ಅವಳು ಒಳಗೆ ನೋಡಿದಳು. ಹಂಪಕ್ಕ ಡಬ್ಬಿಯ ಅಕ್ಕಿಯನ್ನು ಸಮ ಮಾಡುತ್ತಿದ್ದಳು.

“ಅದು ನಮಗಲ್ಲ ಬಿಡೊ,” ಎಂದಳು.

ಬಳ್ಳಾರಿಯ ಬಸ್ಸಿಗೆ ಹೊತ್ತಾಗಿತ್ತು. ಇಬ್ಬರೂ ಓಣಿಯ ತಿರುವು ಮುಟ್ಟುವಷ್ಟರಲ್ಲಿ ಹಿಂದಿನಿಂದ ಬಾಗಿಲು ಮುಚ್ಚಿ ಅಗುಳಿ ಬಿದ್ದ ಸದ್ದು ಕೇಳಿಸಿತು. ಆಟಕ್ಕೆ ಬಾಗಿಲ ಸದ್ದು ಬೇಕೆಂದು ಹೇಮಾ ಶನಿವಾರವಿಡೀ ಕುರುಗೋಡಿನಲ್ಲಿ ಮೈಕ್ ಹಿಡಿದು ಅಲೆದಿದ್ದಳು. ಈಗ ಮೈಕ್ ಇರಲಿಲ್ಲ. ಅವಳು ಸುಮ್ಮನೆ ನಿಂತು ಕೇಳಿಸಿಕೊಂಡು ಮುಂದೆ ನಡೆದಳು.